ಡ್ರೈವರ್ ಭಾವನ ರಕ್ತಶುದ್ಧಿ

ಕಳೆದ ವಾರ, ಸೋಮವಾರ ಬೆಳಿಗ್ಗೆ, ಹಿತ್ತಲ ಗೋಡೆಯ ಬುಡದಲ್ಲಿ ಜಲಬಾಧೆಗೆಂದು ನಿಂತಿದ್ದವನು ಸುಮ್ಮನೆ ಒಮ್ಮೆ ಕೆಳಗೆ ನೋಡಿ ನಡುಗಿಬಿಟ್ಟೆ.

ಹಸಿರು.

ಎಲೆಯ ಹಸಿರಲ್ಲ, ಗಿಳಿಯ ಹಸಿರಲ್ಲ. ನಮ್ಮ ಸ್ಕೂಲಿನ ಹುಡುಗರು ನೀಲಿ ಮಸಿಗೆ ಅರಿಸಿನದ ನೀರು ಬೆರೆಸಿ ಚೆಲ್ಲಿದಂಥ, ನೀಲಿಗೆ ಹತ್ತಿರದ ಒಂದು ಹಸಿರು. (ಎಡಿಟರ್ ಸಾಹೇಬರು ದಯವಿಟ್ಟು ಈ ಪ್ಯಾರಾ ಹೊಡೆದುಹಾಕಬಾರದು. ಇದನ್ನು ತೆಗೆದರೆ ಇವತ್ತಿನ ಅಂಕಣದಲ್ಲಿ ಉಳಿಯುವುದು ನನ್ನ ಹೆಸರೊಂದೇ.)

ಹಿಂದಿನ ಸಂಜೆಯವರೆಗೆ ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಹೊಟ್ಟೆ ತುಂಬ ಉಂಡಿದ್ದೆ, ಊರವರನ್ನೆಲ್ಲ ಅಣಕಿಸಿದ್ದೆ, ಗೊರಕೆ ಹೊಡೆದಿದ್ದೆ. ಅಂಥವನ ಮೈಯೊಳಗೆ ಈ ಬಣ್ಣದ ವಿಷ ಎಲ್ಲಿ ಅಡಗಿ ಕೂತಿತ್ತು?

ಅದನ್ನು ಹೇಳಬೇಕಾದರೆ ಮೊದಲು ನಮ್ಮ ಭಾವನನ್ನು ನಿಮಗೆ ಪರಿಚಯ ಮಾಡಿಸಬೇಕು.

ಭಾವ ಅಂದರೆ ಚನ್ನಬಸಪ್ಪನವರು. ನಮ್ಮ ಪಾರ್ವತಕ್ಕನ ಯಜಮಾನರು. ಹೊನ್ನಾಳಿಯಿಂದ ನ್ಯಾಮತಿ, ಸವಳಂಗದ ಮೇಲೆ ಶಿವಮೊಗ್ಗಕ್ಕೆ ಹೋಗುವ ಬಸ್ಸಿನ ಡ್ರೈವರು. ಯುದ್ಧ ಶುರುವಾಗಿ ಪೆಟ್ರೋಲು ಕಣ್ಣಿಗೆ ಕಾಣದಂತಾದ ಮೇಲೆ ಅವರ ಬಸ್ಸಿಗೂ ಬೆನ್ನ ಹಿಂದೆ ಒಂದು ದೊಡ್ಡ ಡ್ರಮ್ಮು ಬಂದು ಕೂತಿದೆ. ಅದರೊಳಗೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಹಿಡಿ ತಿರುಗಿಸಿ ಗಾಳಿ ಹಾಕಬೇಕು. ಆಗ ಹುಟ್ಟುವ ಗ್ಯಾಸಿನಿಂದ ಇಂಜಿನ್ ಓಡುತ್ತದೆ. ಇಂಥ ಬಸ್ಸು ಹತ್ತದ ಓದುಗರು ನಮ್ಮ ಕಡೆ ಇರಲಾರರು. ಏರಿನಲ್ಲಿ ಇಳಿದು ಅದನ್ನು ತಳ್ಳದವರಂತೂ ಇಲ್ಲವೇ ಇಲ್ಲ.

ಅಕ್ಕ ಹೆರಿಗೆಗೆ ಅಂತ ನ್ಯಾಮತಿಯ ನಮ್ಮ ಮನೆಗೆ ಬಂದಿದ್ದಾಳೆ. ಬಸ್ಸು ತಂಗುವುದೂ ನಮ್ಮ ಹಿತ್ತಲ ತಗಡಿನ ಶೆಡ್ಡಿನಲ್ಲೇ. ಹಾಗಾಗಿ ಭಾವನೂ ನಮ್ಮಲ್ಲೇ. ಹೆಂಡತಿಗಾಗಿ ಇದ್ದಾರೋ ಬಸ್ಸಿಗಾಗಿ ಇದ್ದಾರೋ ಅಂತ ಒಮ್ಮೆ ಕೇಳಿದ್ದಕ್ಕೆ ಅಕ್ಕ ಲಟ್ಟಣಿಗೆ ತೋರಿಸಿದಳು. ನಾನು ಸವಳಂಗದ ಸ್ಕೂಲಿನಲ್ಲಿ ಮೇಷ್ಟ್ರು. ದಿನವೂ ಭಾವನ ಪಕ್ಕದ ಸೀಟಿನಲ್ಲೇ ನನ್ನ ಸವಾರಿ.

ಮಳೆಗಾಲ ಹಿಡಿದಾಗಿನಿಂದ ಭಾವನಿಗೆ ತಲೆನೋವು. ಬೆಳಿಗ್ಗೆ ಬಂತೆಂದರೆ ಹಣೆ ಒತ್ತಿಕೊಳ್ಳುತ್ತಾರೆ. ವಾಕರಿಕೆ, ಕಣ್ಣು ಮಂಜು. ಬಸ್ಸಿನ ಚಕ್ರವನ್ನು ಒಬ್ಬರೇ ಎತ್ತಿ ಕೂರಿಸುತ್ತಿದ್ದ ಮನುಷ್ಯ, ಈಗ ಬಾಗಿಲು ಹಿಡಿದುಕೊಂಡು ಇಳಿಯುತ್ತಿದ್ದರು.

ಇಂಥ ಹೊತ್ತಿನಲ್ಲಿ ನಮ್ಮೂರ ಸಂತೆಗೆ ಗುಳಿಗೆ ಪಂಡಿತರು ಬಂದರು.

ಈ ಪಂಡಿತರು ಸಂತೇಬೆನ್ನೂರಿನಿಂದ ಜಗಳೂರಿನವರೆಗೆ ಒಂದು ಸಂತೆಯನ್ನೂ ಬಿಟ್ಟವರಲ್ಲ. ಕರಿ ಕೋಟು, ಕೋಟಿನ ತುಂಬ ಯಾರು ಯಾಕೆ ಕೊಟ್ಟರೋ ಗೊತ್ತಿಲ್ಲದ ಮೆಡಲುಗಳು. ಅವರ ದನಿ ನನ್ನ ಗಂಟಲಲ್ಲಿ ಈಗಲೂ ಇದೆ. (ಸಂತೆಯಿಂದ ಬೇರೆಯವರು ತರಕಾರಿ ತರುತ್ತಾರೆ, ನಾನು ದನಿ ತರುತ್ತೇನೆ.) ಕೇಳಿ:

"ಅಣ್ಣಾರೆ, ಹೊರಗೆ ನೋಡಾಕೆ ನೀವು ಹುಲಿ. ಒಳಗೆ ಕೊಳೆತ ಕುಂಬಳಕಾಯಿ. ಮೈತುಂಬ ವಿಷ ಕೂಡೈತೆ. ನನ್ನ ಮಾತು ನಂಬಬ್ಯಾಡ್ರಿ. ಈ ರಕ್ತಶುದ್ಧಿ ಗುಳಿಗೆ ಒಂದು ನುಂಗ್ರಿ, ಬೆಳಿಗ್ಗೆ ನಿಮ್ಮ ಕಣ್ಣಾರೆ ನೋಡ್ರಿ. ವಿಷ ನೀಲಿಯಾಗಿ ಇಳಿದು ಹೊಂಟಿರ್ತದೆ. ತಿಳಿಯಾಗೋ ತನಕ ನುಂಗ್ರಿ. ತಿಳಿಯಾದ ದಿನ ನನ್ನ ಮರೆತುಬಿಡ್ರಿ."

ಭಾವ ನುಂಗಿದರು. ನೋಡಿದರು. ನೀಲಿ.

ಅವತ್ತು ಸಂಜೆ ಮನೆಯಲ್ಲಿ ನಾನು ಅಕ್ಕನ ಶಾಲನ್ನೇ ಕೋಟಿನಂತೆ ಹೊದ್ದು ಪಂಡಿತರ ಅಣಕ ಮಾಡಿ ತೋರಿಸಿದೆ. ಅವ್ವ, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವ ನಗಲಿಲ್ಲ. ಗಲ್ಲಕ್ಕೆ ಕೈ ಕೊಟ್ಟು ಪೂರ್ತಿ ಕೇಳಿ, "ತಿಳಿಯಾಗೋ ತನಕ ಅಂದ್ರಲ್ಲ, ಅದನ್ನ ಇನ್ನೊಂದ್ಸಲ ಹೇಳು" ಅಂದರು. ಅಣಕ ಮಾಡುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ನಾನು ಆಡಿಕೊಂಡಷ್ಟೂ ಅವರ ನಂಬಿಕೆ ಗಟ್ಟಿಯಾಯಿತು.

"ಭಾವ, ಮೈಯೊಳಗೆ ವಿಷ ಕೂಡಾಕೆ ನೀವೇನು ಹಾವಿನ ಹತ್ರ ಮಲಗ್ತೀರಾ?" ಅಂದೆ.

"ನಗಬ್ಯಾಡಲೇ. ದಿನಾ ಬೆಳಿಗ್ಗೆ ಡ್ರಮ್ಮಿನ ಬೂದಿ ಬಳಿದು ಹೊರಗೆ ಹಾಕ್ತೀನಿ, ನೋಡೀಯಲ್ಲ. ಒಂದು ದಿನ ಬಿಟ್ರೆ ಗಾಡಿ ಏರು ಹತ್ತಾಕಿಲ್ಲ. ದಿನಾ ತಿನ್ನೋ ಮನುಷ್ಯನೊಳಗೆ ಬೂದಿ ಕೂಡಾಕಿಲ್ಲೇನು? ಅದನ್ನ ಬಳಿಯೋರು ಯಾರು?"

ಇದ್ದಿಲ ಬಸ್ಸು ಓಡಿಸುವವರಿಗಲ್ಲದೆ ಬೇರೆ ಯಾರಿಗಾದರೂ ಈ ಯೋಚನೆ ಬಂದೀತೇ? ಹೋಲಿಕೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

ಸುಳ್ಳು ಹೇಳಲಾರೆ, ನನಗೂ ಕೊಂಚ ಸರಿ ಅನ್ನಿಸಿತು. ಕಾಲವೇ ಹಾಗಿದೆ. ಅಕ್ಕಿ ಆರಿಸಿದರೆ ಕಲ್ಲು, ಸೀಮೆಎಣ್ಣೆ ಸುರಿದರೆ ನೀರು. ಪೇಪರು ಬಿಡಿಸಿದರೆ ಬಾಂಬು. ಹೊರಗೆ ಎಲ್ಲವೂ ಕೆಟ್ಟಿರುವಾಗ ಒಳಗೊಂದೇ ಚೊಕ್ಕಟವಾಗಿದೆ ಅಂತ ನಂಬುವುದು ಹೇಗೆ? ಚಿಕ್ಕಂದಿನಲ್ಲಿ ಅವ್ವ ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದಳು. ಕೆರೆಬಿಳಚಿಯ ನಮ್ಮ ಅತ್ತೆ ಈಗಲೂ ಮನೆಮಂದಿಗೆಲ್ಲ ಬೇವಿನ ರಸ ಕುಡಿಸಿ, ಮುಖ ಕಿವಿಚಿದವರಿಗೆ ಇನ್ನೊಂದು ಲೋಟ ಕೊಡುತ್ತಾರೆ. ನಾವೆಲ್ಲ ಒಳಗಿನ ಕೊಳೆಗೆ ಹೆದರಿಯೇ ಬೆಳೆದವರು.

ಆದರೆ ಗುಳಿಗೆಯ ಜೊತೆ ಪಥ್ಯವೂ ಇತ್ತು. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಬರೀ ಗಂಜಿ. ರೊಟ್ಟಿಯ ರಾಶಿಯನ್ನೇ ಕರಗಿಸುತ್ತಿದ್ದ ಭಾವ ಗಂಜಿ ಬಟ್ಟಲ ಮುಂದೆ ಕಾಯಿಲೆ ಮಗುವಿನಂತೆ ಕೂರುತ್ತಿದ್ದರು. ಅಂಗಿ ಸಡಿಲವಾಯಿತು. ಕೆನ್ನೆ ಒಳಗೆ ಹೋಯಿತು. ತಲೆನೋವು ಮಾತ್ರ ಎಲ್ಲೂ ಹೋಗಲಿಲ್ಲ.

"ಸೊರಗ್ತಾ ಇದೀರಲ್ರೀ" ಅಂತ ಅಕ್ಕ ಅಂದರೆ, "ವಿಷ ಹೊರಡುವಾಗ ಸ್ವಲ್ಪ ಬಲಾನೂ ಎಳ್ಕೊಂಡು ಹೋಗ್ತದಂತೆ" ಅನ್ನುತ್ತಿದ್ದರು.

ಬಸ್ಸಿನಲ್ಲಿ ಇದೇ ಸುದ್ದಿ. ಸವಳಂಗದಲ್ಲಿ ಬಸ್ಸು ನಿಂತು ಭಾವ ಮರದ ಮರೆಗೆ ಹೋಗಿ ಬಂದರೆ ಗಂಡಸರೆಲ್ಲ ಕಿಟಕಿಗೆ ಬರುತ್ತಿದ್ದರು.

"ಹೆಂಗೈತ್ರೀ ಡ್ರೈವರ್ ಸಾಹೇಬ್ರೆ, ಇವತ್ತು?"

"ಇನ್ನೂ ನೀಲೀನೇ ಐತಪ್ಪ."

"ಅಯ್ಯೋ ಪಾಪ. ಎಷ್ಟು ವಿಷ ಕೂಡಿತ್ತೋ."

ಮರುವಾರದ ಹೊತ್ತಿಗೆ ಅರ್ಧ ಬಸ್ಸು ಗುಳಿಗೆ ನುಂಗುತ್ತಿತ್ತು. ಮರಕ್ಕೆ ಪುರುಸೊತ್ತಿರಲಿಲ್ಲ.

ಅಕ್ಕನಿಗೆ ನಗು ನಿಂತುಹೋಗಿತ್ತು. ಒಂದು ಸಂಜೆ ನನ್ನನ್ನು ಅಡಿಗೆಮನೆಗೆ ಕರೆದು, ಒಲೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು. "ತಮ್ಮಾ, ದಿನಾ ಗುಳಿಗೆ, ದಿನಾ ನೀಲಿ. ಇದು ಮುಗಿಯೋದು ಯಾವಾಗ? ಬಸ್ಸು ಹೊಂಟ್ರೆ ಅದು ವಾಪಸ್ ಬರೋ ತನಕ ನನಗೆ ಕೈ ಕಾಲು ಆಡಾಕಿಲ್ಲ. ಊರನ್ನೆಲ್ಲ ನಗಿಸ್ತೀಯಲ್ಲ, ಇವರ ಕೈಯಿಂದ ಆ ಗುಳಿಗೆ ಒಂದು ಬಿಡಿಸು. ಈ ಕೂಸಿಗೆ ಅಪ್ಪ ಬೇಕು."



ಆಗ ಹೊಳೆದದ್ದೇ ನನ್ನ ಮಹಾ ಉಪಾಯ. ಭಾನುವಾರ ಊಟದ ಹೊತ್ತಿಗೆ ಎಲ್ಲರೆದುರು ಘೋಷಿಸಿದೆ: "ಭಾವ, ನನಗೆ ತಲೆನೋವಿಲ್ಲ, ವಾಕರಿಕೆ ಇಲ್ಲ. ನನ್ನ ಮೈಯಾಗೆ ವಿಷ ಇಲ್ಲ. ನಾನೂ ಒಂದು ನುಂಗ್ತೀನಿ. ನೀಲಿ ಬಂತು ಅಂದ್ರೆ ಅದು ಗುಳಿಗೆ ಬಣ್ಣ. ಆಮೇಲೆ ನೀವು ಬಿಟ್ಟುಬಿಡಬೇಕು."

ನುಂಗಿದೆ. ಬೆಳಿಗ್ಗೆ ಏನಾಯಿತೆಂದು ಮೊದಲೇ ಹೇಳಿದ್ದೇನೆ.

ತರ್ಕದ ಪ್ರಕಾರ ನಾನು ಗೆದ್ದಿದ್ದೆ. ಆದರೆ ಹಿತ್ತಲಿಂದ ಒಳಗೆ ಬಂದವನ ಮುಖ ಗೆದ್ದವನ ಮುಖದ ಹಾಗಿರಲಿಲ್ಲವಂತೆ. ಅವ್ವ ನೋಡಿದವಳೇ ಗೋಡೆಗೆ ಒರಗಿ ಕೂತಳು. ಭಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು.

"ನೋಡಿದ್ಯಾ? ನಿನ್ನ ಬಾಯಾಗೆ ಮಾತ್ರ ವಿಷ ಐತೆ ಅಂದ್ಕೊಂಡಿದ್ದೆ. ಮೈತುಂಬಾನೂ ಐತಲ್ಲೋ."

"ಅದು ಗುಳಿಗೆ ಬಣ್ಣ ಭಾವ."

"ಹಂಗಾದ್ರೆ ಯಾಕೆ ನಡುಗ್ತಿದೀಯ?"

ಹೌದು, ಯಾಕೆ ನಡುಗುತ್ತಿದ್ದೆ? ಬಣ್ಣ ಅಂತ ಗೊತ್ತಿದ್ದೂ ಅವತ್ತಿಡೀ ಸ್ಕೂಲಿನಲ್ಲಿ ನನ್ನ ನಾಡಿಯನ್ನು ನಾನೇ ಹಿಡಿದು ನೋಡಿಕೊಂಡೆ. ಕನ್ನಡಿಯಲ್ಲಿ ನಾಲಗೆ ಚಾಚಿದೆ. ಹುಡುಗರು ಇದು ಯಾರ ಅಣಕ ಅಂತ ಪಿಸುಗುಟ್ಟಿದರು. ಕಣ್ಣಿಗೆ ಕಂಡದ್ದರ ಎದುರು ತಲೆಗೆ ಗೊತ್ತಿದ್ದದ್ದು ನಿಲ್ಲುವುದೇ ಇಲ್ಲ. ಪಂಡಿತರಿಗೆ ಇದು ಗೊತ್ತು. ಅದಕ್ಕೇ ಅವರು ನಂಬಿ ಅನ್ನುವುದಿಲ್ಲ, ನೋಡಿ ಅನ್ನುತ್ತಾರೆ.

ಸಂಜೆ ಅಕ್ಕ ಒಂದು ಚೊಂಬು ಬಾವಿ ನೀರಿಗೆ ಗುಳಿಗೆಯೊಂದನ್ನು ಹಾಕಿದಳು. ನೀರು ನೀಲಿಯಾಯಿತು. ಅಷ್ಟು ಸರಳ. ಚೊಂಬು ಹಿಡಿದು ಭಾವನ ಹತ್ತಿರ ಓಡಿದೆ. "ನೋಡ್ರಿ, ಈ ನೀರಿಗೆ ಯಾವ ಕಾಯಿಲೆ?"

ಭಾವ ಚೊಂಬಿನೊಳಗೆ ತುಂಬ ಹೊತ್ತು ನೋಡಿದರು. ಮುಖ ಬಿಳಿಚಿಕೊಂಡಿತು.

"ಇಷ್ಟು ದಿನ ಇದೇ ನೀರು ಕುಡಿದೀವಲ್ಲೋ."

ಮಂಗಳವಾರದಿಂದ ಭಾವ ನಮ್ಮ ಬಾವಿ ನೀರು ಮುಟ್ಟಲಿಲ್ಲ. ಮರುದಿನ ನೀರಿಗೆ ಬರುತ್ತಿದ್ದ ಓಣಿಯ ಹೆಂಗಸರೂ ಬರಲಿಲ್ಲ. ಅವ್ವ ಬಾವಿಕಟ್ಟೆಯ ಮೇಲೆ ಕೂತು, "ಮದುವೆಯಾಗಿ ಬಂದಾಗಿಂದ ಕುಡಿದು ಬದುಕಿರೋ ನೀರಿದು" ಅಂತ ಬಾವಿಗೇ ಸಮಾಧಾನ ಹೇಳುತ್ತಿದ್ದಳು. ಗುಳಿಗೆ ಬಿಡಿಸಲು ಹೋಗಿ ಬಾವಿ ಬಿಡಿಸಿದ ಕೀರ್ತಿ ನನ್ನದು.

ಗುರುವಾರ ಬೆಳಿಗ್ಗೆ ಜಡಿಮಳೆ. ಭಾವ ಶೆಡ್ಡಿನೊಳಗೆ ಬಸ್ಸಿಗೆ ಬೆಂಕಿ ಹಚ್ಚಿ, ಗಾಳಿ ಹಾಕಿ ಹೊರಬಂದಾಗ ಗೋಡೆ ಹಿಡಿದು ನಿಂತರು. "ಇವತ್ತು ಬ್ಯಾಡ ಕಣ್ರೀ" ಅಂದಳು ಅಕ್ಕ. "ಜನ ಕಾಯ್ತಿರ್ತಾರೆ" ಅಂದು ಹತ್ತಿಯೇಬಿಟ್ಟರು.

ಬಸ್ಸು ತುಂಬಿತ್ತು. ಸವಳಂಗದ ಕೆರೆಯ ಹತ್ತಿರ ಬರುವಾಗ ನಾನು ಹಿಂದಿನವರಿಗೆ ಏನೋ ತಮಾಷೆ ಹೇಳುತ್ತಿದ್ದೆ. ಯಾಕೋ ಭಾವನ ಕಡೆ ತಿರುಗಿದೆ. ಸ್ಟೀರಿಂಗಿನ ಮೇಲಿದ್ದ ಅವರ ಕೈ ನಿಧಾನವಾಗಿ, ನಿದ್ದೆ ಬಂದ ಮಗುವಿನ ಕೈ ಜಾರುವ ಹಾಗೆ, ಜಾರುತ್ತಿತ್ತು. ಬಸ್ಸು ನೀರಿನ ಕಡೆಗೆ ವಾಲಿತು.

"ಭಾವ" ಅಂದೆ. ಅಷ್ಟೇ ಬಂದದ್ದು ಬಾಯಿಗೆ.

ಬ್ರೇಕು ಒತ್ತಿದ್ದು ಅವರೋ, ಅವರ ಕಾಲಿನ ಅಭ್ಯಾಸವೋ, ಶಿವನೇ ಬಲ್ಲ. ಮುಂದಿನ ಚಕ್ರ ಹುಲ್ಲಿನ ಅಂಚಿಗೆ ಹೋಗಿ ನಿಂತಿತು. ಅದರಾಚೆ ಬರೀ ನೀರು. ಭಾವ ಸ್ಟೀರಿಂಗಿನ ಮೇಲೆ ತಲೆಯಿಟ್ಟರು.

ಎತ್ತಿಕೊಂಡು ಹೋಗಿ ಏರಿಯ ಮೇಲೆ ಮಲಗಿಸಿದೆವು. ಯಾರೋ ಕೊಡೆ ಹಿಡಿದರು. ಇನ್ಯಾರೋ ಅಂದರು: "ಗುಳಿಗೆ ಕೊಡ್ರಪ್ಪ, ಅವರ ಜೇಬಿನಾಗೇ ಐತೆ."

ನಾನು ಆ ಜೇಬನ್ನು ಎರಡು ಕೈಯಿಂದ ಮುಚ್ಚಿ ಹಿಡಿದೆ.

"ಏನ್ ಮೇಷ್ಟ್ರೇ, ಭಾವನ್ನ ಸಾಯಿಸ್ತೀರಾ?" ಅಂತ ಒಬ್ಬರು ನನ್ನ ಭುಜ ಹಿಡಿದು ಎಳೆದರು. ನಾನು ಬಿಡಲಿಲ್ಲ. ನಾನೇ ತಪ್ಪಿದ್ದರೆ? ಗುಳಿಗೆಯೇ ಬೇಕಾಗಿದ್ದರೆ? ಅಕ್ಕನಿಗೆ ಏನು ಹೇಳಲಿ? ಇಷ್ಟೂ ಯೋಚನೆ ತಲೆಯಲ್ಲಿ ಓಡುತ್ತಿದ್ದಾಗಲೂ ಕೈ ಮಾತ್ರ ಜೇಬಿನ ಮೇಲೇ ಇತ್ತು.

ಕೆರೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಸ್ವಲ್ಪ ಹೊತ್ತಿಗೆ ಭಾವನ ತುಟಿಗೆ ರಂಗು ಬಂತು. ಆಮೇಲೆ ತಾವೇ ಎದ್ದು ಕೂತರು. ಮೊದಲು ಕೇಳಿದ್ದು, "ಡ್ರಮ್ಮಿನ ಬೆಂಕಿ ಆರಿಲ್ಲ ತಾನೆ?"

"ಬೆಳಿಗ್ಗೆ ನುಂಗಿದ ಗುಳಿಗೆ ಈಗ ಕೆಲಸ ಮಾಡ್ತು ನೋಡ್ರಿ" ಅಂದರು ಕೊಡೆ ಹಿಡಿದವರು.

ಭಾವನೇ ಬಸ್ಸು ಹಿಂದಕ್ಕೆ ತೆಗೆದು ಓಡಿಸಿಕೊಂಡು ಹೋದರು. ನಾನು ಸವಳಂಗದಲ್ಲಿ ಇಳಿದು ಅವತ್ತು ಏನು ಪಾಠ ಮಾಡಿದೆನೋ ನೆನಪಿಲ್ಲ. ಕಿವಿ ರಸ್ತೆಯ ಮೇಲಿತ್ತು. ಸಂಜೆ ಹಾರ್ನು ಕೇಳಿಸಿದಾಗ ಮೆಟ್ಟಿಲು ಬಿಟ್ಟು ಹಾರಿ ಓಡಿದೆ. ಭಾವ ಆರಾಮಾಗಿದ್ದರು. ಬೀಡಿ ಹಚ್ಚಿ ಯಾರನ್ನೋ ತಮಾಷೆ ಮಾಡುತ್ತಿದ್ದರು.

ಮನೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ವಾಪಸ್ ಬರುವಾಗ ಹೆಂಗಿದ್ರು?"

"ಚೆನ್ನಾಗಿದ್ರು."

"ಸಂಜೆ ಯಾವಾಗ್ಲೂ ಚೆನ್ನಾಗೇ ಇರ್ತಾರೆ. ಹೋದ ತಿಂಗಳು ಇಂಜಿನ್ ಕೆಟ್ಟು ನಾಲ್ಕು ದಿನ ಗಾಡಿ ನಿಂತಿತ್ತಲ್ಲ, ಅಷ್ಟು ದಿನಾನೂ ತಲೆನೋವು ಅನ್ನಲಿಲ್ಲ. ಬೆಳಿಗ್ಗೆ ಆ ಶೆಡ್ಡಿನಿಂದ ಬರುವಾಗ್ಲೇ ಮುಖ ಹಂಗಾಗಿರ್ತೈತೆ. ಒಳಗೆ ಏನೈತೆ ತಮ್ಮಾ ಅಲ್ಲಿ?"

ಶುಕ್ರವಾರ ಭಾವನನ್ನು ಹೊನ್ನಾಳಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಮಗಾಗಿ ಅಂದರೆ ಬರುವವರಲ್ಲ. "ನನಗೇ ತೋರಿಸ್ಬೇಕು, ಆ ಹಸಿರು ನೋಡಿದಾಗಿಂದ ಭಯ" ಅಂದೆ. ಅದರಲ್ಲಿ ಅರ್ಧ ನಿಜವೂ ಇತ್ತು.

ಡಾಕ್ಟರು ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಬಣ್ಣ ಕಣ್ರೀ ಇದು. ನುಂಗಿದ ಬಣ್ಣ ಕೆಳಗೆ ಬರ್ತದೆ. ನುಂಗೋ ತನಕ ಬರ್ತಾನೇ ಇರ್ತದೆ." ಆಮೇಲೆ ಭಾವನ ಮುಖ ನೋಡಿ ನಗು ನಿಲ್ಲಿಸಿದರು. ನಾಡಿ ಹಿಡಿದರು. ತಲೆನೋವು ಯಾವಾಗ ಬರುತ್ತದೆ ಅಂತ ಕೇಳಿದರು. ಭಾವ ಹೇಳುವ ಮೊದಲು ನಾನು ಅಕ್ಕನ ಮಾತನ್ನೂ ಗಂಜಿ ಪಥ್ಯವನ್ನೂ ಹೇಳಿದೆ.

"ಬಸ್ಸಿಗೆ ಬೆಂಕಿ ಹಾಕೋದು ಎಲ್ಲಿ?"

"ಶೆಡ್ಡಿನಾಗೆ ಸಾರ್."

"ಬಾಗಿಲು?"

"ಹಾಕ್ಕೊಂಡಿರ್ತೀನಿ. ಮಳೆಗೆ ಇದ್ದಿಲು ತೇವ ಆದ್ರೆ ಹತ್ತಾಕಿಲ್ಲ. ತೆರೆದಿಟ್ರೆ ಹೊತ್ಕೊಂಡು ಹೋಗೋರು ಬ್ಯಾರೆ."

ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. "ಆ ಗ್ಯಾಸು ಬಸ್ಸು ಎಳಿಯುವಂಥಾದ್ದು. ಮನುಷ್ಯನಿಗೆ ಏನು ಮಾಡ್ತದೆ ಅಂತ ಯೋಚನೆ ಮಾಡಿದ್ರಾ? ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ ರಕ್ತ ಸೇರ್ತದೆ. ಮುಚ್ಚಿದ ಶೆಡ್ಡಿನಾಗೆ ನೀವು ದಿನಾ ಕುಡೀತಿರೋದು ಅದನ್ನೇ. ಅದರ ಮೇಲೆ ಬರೀ ಗಂಜಿ. ಯಾವತ್ತೋ ಒಂದಿನ ಬಾಗಿಲು ಒಡೆದು ನಿಮ್ಮನ್ನ ಹೊರಗೆ ತರಬೇಕಾಗ್ತಿತ್ತು."

ಭಾವನ ಕಣ್ಣು ಅಗಲವಾಯಿತು. "ಹಂಗಾದ್ರೆ ವಿಷ ಇರೋದು ನಿಜ."

"ನಿಜ."

"ಅದನ್ನ ತೆಗೆಯಾಕೆ ಏನು ಕೊಡ್ತೀರಿ ಸಾರ್?"

"ಗಾಳಿ."

"ಗುಳಿಗೆ?"

"ಗಾಳಿ ಅಂದೆ. ಬಾಗಿಲು ತೆಗೆದಿಡ್ರಿ. ಇಲ್ಲ, ಬಯಲಿನಾಗೆ ಬೆಂಕಿ ಹಾಕ್ರಿ. ಹೊಟ್ಟೆ ತುಂಬ ಉಣ್ರಿ."

ಭಾವ ಬಿಡಲಿಲ್ಲ. ಡ್ರಮ್ಮು, ಬೂದಿ, ಬಳಿಯುವುದು, ಎಲ್ಲ ಹೇಳಿದರು. ಡಾಕ್ಟರು ತಾಳ್ಮೆಯಿಂದ ಕೇಳಿದರು. "ಬಸ್ಸಿಗೆ ತನ್ನ ಬೂದಿ ತಾನು ಬಳ್ಕೊಳ್ಳಾಕೆ ಬರಲ್ಲ. ನಿಮ್ಮ ಮೈಗೆ ಬರ್ತದೆ. ಲಿವರ್, ಕಿಡ್ನಿ ಅಂತ ಅವೆ ಒಳಗೆ. ಹುಟ್ಟಿದಾಗಿಂದ ಅದೇ ಕೆಲಸ ಮಾಡ್ತಿದಾವೆ. ನೀವು ಹೊಸದಾಗಿ ಒಳಗೆ ಹಾಕೋದು ನಿಲ್ಲಿಸ್ರಿ, ಸಾಕು."

ಆಚೆ ಬಂದಾಗ ಭಾವ ಪೆಚ್ಚಾಗಿದ್ದರು. "ಅಷ್ಟು ದೂರ ಬಂದ್ರೆ ಬಾಗಿಲು ತೆಗಿ ಅಂತಾರಲ್ಲೋ" ಅಂದರು. ಅವರ ಪೆಚ್ಚು ನನಗೆ ಅರ್ಥವಾಗುತ್ತದೆ. ಒಳಗೆ ಏನೂ ಸದ್ದಿಲ್ಲದೆ, ಬಣ್ಣವಿಲ್ಲದೆ, ಜಾಹೀರಾತಿಲ್ಲದೆ ನಡೆಯುವ ಕೆಲಸಕ್ಕೆ ನಾವು ಯಾವತ್ತಾದರೂ ಮರ್ಯಾದೆ ಕೊಟ್ಟಿದ್ದೇವೆಯೇ? ಕೊಲ್ಲುವುದು ಕಣ್ಣಿಗೆ ಕಾಣಲಿಲ್ಲ, ಕಾಯುವುದೂ ಕಾಣಲಿಲ್ಲ. ಕಂಡದ್ದು ಗುಳಿಗೆಯೊಂದೇ.

ಮನೆಗೆ ಬಂದ ಕೂಡಲೇ ಅಕ್ಕ ಯಾರನ್ನೂ ಕೇಳದೆ ಬಡಗಿಯನ್ನು ಕರೆಸಿ ಶೆಡ್ಡಿನ ಬಾಗಿಲನ್ನೇ ಕಳಚಿಸಿದಳು. ಇದ್ದಿಲಿನ ಮೂಟೆಗಳು ಈಗ ನಮ್ಮ ಪಡಸಾಲೆಯಲ್ಲಿವೆ. ಬಸ್ಸಿಗೆ ಬೆಂಕಿ ಬೀಳುವುದು ಬಯಲಿನಲ್ಲಿ. ಶನಿವಾರ ತಲೆನೋವು ಕಡಿಮೆ. ಸೋಮವಾರ ಇಲ್ಲವೇ ಇಲ್ಲ. ಭಾವ ರೊಟ್ಟಿ ಕೇಳಿ ಹಾಕಿಸಿಕೊಂಡರು. ಗುಳಿಗೆ ನಿಲ್ಲಿಸಿದ್ದರಿಂದ ಬಣ್ಣವೂ ತಿಳಿಯಾಯಿತು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಮಂಗಳವಾರ ಸವಳಂಗದಲ್ಲಿ ಭಾವ ಮರದ ಮರೆಯಿಂದ ಬಂದು ಬಸ್ಸಿಗೆಲ್ಲ ಕೇಳುವಂತೆ ಸಾರಿದರು: "ತಿಳಿಯಾತಪ್ಪ. ವಿಷ ಮುಗೀತು. ಪಂಡಿತರು ಹೇಳಿದಂಗೇ ಆತು."

ಬಸ್ಸಿಗೆ ಬಸ್ಸೇ ಖುಷಿಪಟ್ಟಿತು. ನಾನು ಗ್ಯಾಸಿನ ವಿಷಯ, ಬಾಗಿಲಿನ ವಿಷಯ ಹೇಳಲು ಎದ್ದು ನಿಂತೆ. "ಮೇಷ್ಟ್ರು ಈಗ ಯಾರ ಅಣಕ ಮಾಡ್ತಾರೋ ನೋಡಾನ" ಅಂತ ಎಲ್ಲರೂ ಕಿವಿಗೊಟ್ಟರು. ಡಾಕ್ಟರ ಮಾತನ್ನು ಡಾಕ್ಟರ ದನಿಯಲ್ಲೇ ಹೇಳಿದೆ. ಬಿದ್ದು ಬಿದ್ದು ನಕ್ಕರು.

ನಿನ್ನೆ ಬೆಳಿಗ್ಗೆ ಭಾವ ಉಳಿದ ಗುಳಿಗೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಅಕ್ಕ ಹೊಲಿದಿಟ್ಟಿರುವ ಕುಲಾವಿಗಳ ಪಕ್ಕ ಟ್ರಂಕಿನಲ್ಲಿ ಇಡುತ್ತಿದ್ದರು.

"ಇನ್ನೂ ಯಾಕೆ ಭಾವ ಅವು?"

"ಕೂಸಿಗೆ ಇರಲಿ ಕಣೋ. ಅಷ್ಟು ತಿಂಗಳು ಒಳಗೇ ಇರ್ತೈತಲ್ಲ. ಏನೇನು ಕೂಡಿರ್ತೈತೋ ಯಾರಿಗೆ ಗೊತ್ತು?"

ಆ ಗಂಟನ್ನು ಕದ್ದು ಬಾವಿಗೆ ಎಸೆಯೋಣವೆಂದರೆ ನೀರು ನೀಲಿಯಾಗುತ್ತದೆ. ಇದ್ದಲ್ಲೇ ಬಿಡೋಣವೆಂದರೆ ರಾತ್ರಿ ನಿದ್ದೆ ಬರುವುದಿಲ್ಲ. ಈ ಲೋಕದ ಗಾಳಿಯನ್ನು ಇನ್ನೂ ಒಂದು ಉಸಿರೂ ಎಳೆಯದ ಕೂಸಿನ ಮೈಯಿಂದ ತೆಗೆಯಬೇಕಾದ ವಿಷ ಯಾವುದು, ನೀವಾದರೂ ಹೇಳಿ?